ಪೈಪಿನೊಳಗಿನ ತೊಡೆದೇವು

ಮುರುಗಲು ಹಣ್ಣು ಯಾರಿಗೂ ಕಾಯುವ ಜಾತಿಯದಲ್ಲ. ಬಿರಿಯಲು ಶುರುವಾದರೆ ಮರುದಿನಕ್ಕೆ ಕೊಳೆತು ನೊರೆ ಕಟ್ಟುತ್ತದೆ. ೨೦೦೪ರ ಮೇ ತಿಂಗಳಲ್ಲಿ, ಶಿರಸಿಯ ಹೊರಗಿದ್ದ ನಮ್ಮ ಶರಬತ್ತಿನ ಶೆಡ್ಡಿನಲ್ಲಿ ಅಂಥ ಹಣ್ಣು ಸೊಂಟದೆತ್ತರ ಬಿದ್ದಿತ್ತು. ಹಣ್ಣು ಕುದಿಸುವ ಬಾನಿಯಿಂದ ಬಾಟಲಿ ತುಂಬುವ ಟ್ಯಾಂಕಿಗೆ ಹೋಗುವ ಸ್ಟೀಲ್ ಪೈಪಿನಲ್ಲಿ ಒಂದೇ ಒಂದು ಬೆಸುಗೆ ಬಾಕಿ. ಅಂದೇ ರಸ ಹರಿಯದಿದ್ದರೆ ಆ ವರ್ಷದ ಶರಬತ್ತೆಲ್ಲ ಗೊಬ್ಬರಗುಂಡಿಗೆ.

ವೆಲ್ಡರ್ ಗಿರೀಶ ಬನವಾಸಿ ಕಡೆಯವನು. ಕೈ ಚೆನ್ನಾಗಿತ್ತು, ತಲೆ ಮಾತ್ರ ಕೈಗಿಂತ ಮುಂದೆ ಓಡುತ್ತಿತ್ತು. ಬೆಸುಗೆಯ ಒಳಮೈ ಕಪ್ಪಾಗದಿರಲು ಪೈಪಿನೊಳಗೆ ಆರ್ಗಾನ್ ಗ್ಯಾಸ್ ತುಂಬಬೇಕಂತೆ. ಅದು ಸೋರದಂತೆ ಎರಡೂ ಬದಿಗೆ ನೀರಲ್ಲಿ ಕರಗುವ ಕಾಗದದ ತಡೆ. ಕೆಲಸ ಮುಗಿದ ಮೇಲೆ ನೀರು ಬಿಟ್ಟರೆ ಕಾಗದ ಕರಗಿ ಹೋಗುತ್ತದೆ. ಆದರೆ ಬೆಸುಗೆಗೆ ತೀರಾ ಹತ್ತಿರ ಇಟ್ಟರೆ ಕಾವಿಗೆ ಸೀದು, ಮತ್ತೆ ಕರಗುವುದೇ ಇಲ್ಲ. ಬೆಳಿಗ್ಗೆ ಇದರ ಹಿಂದಿನ ಬೆಸುಗೆಯಲ್ಲಿ ಅವನು ಹಾಗೇ ಇಟ್ಟು ಕಾಗದ ಸುಟ್ಟುಕೊಂಡಿದ್ದ. ಸೀದದ್ದನ್ನು ತಂತಿಯಿಂದ ಎಳೆದು ತೆಗೆದ, ಬೇರೆ ಕಾಗದ ಹಾಕಿದ, ಅಲ್ಲಿಗೆ ತಂದಿದ್ದ ಕಾಗದ ಮುಗಿಯಿತು. ಕೊನೆಯ ಬೆಸುಗೆ ಎರಡು ತಿರುವುಗಳ ನಡುವೆ, ಅಲ್ಲಿಗೆ ತಂತಿಯೂ ಹೋಗದು. ಹೊಸ ಕಾಗದಕ್ಕೆ ಹುಬ್ಬಳ್ಳಿಗೇ ಹೋಗಬೇಕು, ಬರುವಾಗ ನಾಳೆ.

ಸಿಟ್ಟು ನುಂಗಿಕೊಂಡು ಚಹಾ ಕೊಟ್ಟೆ, ಜೊತೆಗೆ ತೊಡೆದೇವು. ಕಬ್ಬಿನ ಹಾಲಿಗೆ ಅಕ್ಕಿಹಿಟ್ಟು ಕಲಸಿ, ಕಾದ ಮಡಕೆಯ ಬೆನ್ನಿಗೆ ಬಳಿದು ಎಬ್ಬಿಸಿದ ಸಿಹಿ. ಕಾಗದದಷ್ಟೇ ತೆಳು. ಅವನು ತಿಂದ, ಇನ್ನೊಂದನ್ನು ಬೆಳಕಿಗೆ ಹಿಡಿದು ನೋಡಿದ.

"ಇನ್ನೊಂದೆರಡು ಕೊಡ್ರಿ ಅಕ್ಕಾರ."

ನನ್ನ ಕೈರುಚಿಗೆ ಮರುಳಾದನೆಂದು ಹಿಗ್ಗಿ ನಾಲ್ಕು ಕೊಟ್ಟೆ.

ಮಧ್ಯಾಹ್ನ ಬೆಸುಗೆ ಮುಗಿಯಿತು ಎಂದ. ಕಾಗದ ಎಲ್ಲಿಂದ ಬಂತೆಂದು ಕೇಳುವ ವ್ಯವಧಾನ ನನಗಿರಲಿಲ್ಲ. ನೀರು ಬಿಟ್ಟೆವು. ಟ್ಯಾಂಕಿನ ಬಳಿ ನಿಂತಿದ್ದ ನನ್ನ ಪಾಲುದಾರಳು ಗಗನಾ ಕರೆದಳು.

"ವೇದಕ್ಕಾ, ನೀರೇ ಬತ್ತಿಲ್ಲೆ." ಟ್ಯಾಂಕಿಗೆ ಒಂದು ಹನಿಯೂ ಬಿದ್ದಿರಲಿಲ್ಲ.

ಗಿರೀಶನ ಮುಖ ಬಿಳಿಚಿಕೊಂಡಿತು. "ಬಾಯಾಗ ಇಟ್ರ ಕರಗತೈತಿ, ಪೈಪಿನ್ಯಾಗೂ ಕರಗತೈತಿ ಅಂದ್ಕೊಂಡ್ನಿರಿ."

"ಎಂತ ಇಟ್ಟೆ ಒಳಗೆ?" ಎಂದೆ.

"ತೊಡೆದೇವ ರೀ."

ಆಮೇಲೆ ನಾನು ಅವನಿಗೆ ಅಂದದ್ದನ್ನು ಬರೆಯುವಂತಿಲ್ಲ. ಕಾಗದ ಕಾವಿಗೆ ಸೀದರೆ ಇದ್ದಲ್ಲೇ ಇರುತ್ತದೆ. ಇದರಲ್ಲಿದ್ದದ್ದು ಕಬ್ಬಿನ ಹಾಲು. ಪಾಕವಾಗಿ ಇಳಿದು, ಪೈಪಿನ ತಳಕ್ಕೆ ಕೂತು, ತಣಿದು ಕಲ್ಲಾಗಿತ್ತು. ಕೊಯ್ದು ಮತ್ತೆ ಬೆಸೆಯೋಣವೆಂದರೆ ಕಾಗದ ಬೇಕು. ಆ ಕಡೆ ಹಣ್ಣಿನ ರಾಶಿಯಿಂದ ಹುಳಿವಾಸನೆ ಏಳತೊಡಗಿತ್ತು. ನನಗೆ ಅಳು ಬಂತು.

"ಬಿಸಿನೀರು ಬಿಡನ," ಎಂದಳು ಗಗನಾ.

"ಬ್ಯಾಡ್ರಿ. ಕಾವಿನಿಂದನ ಕೆಟ್ಟೈತಿ, ಮತ್ತ ಕಾವು ಕೊಟ್ರ ಇನ್ನೂ ಗಟ್ಟಿ ಆಕ್ಕೈತಿ."

"ಪಾಕ ಹತ್ತಿದ ಪಾತ್ರೆ ಯಾರಾದ್ರೂ ತಣ್ಣೀರಲ್ಲಿ ತೊಳೀತಾರಾ ಮಾರಾಯ?" ಎಂದೆ.

ಹಣ್ಣು ಕುದಿಸುವ ಬಾನಿಯಲ್ಲೇ ನೀರು ಕಾಯಿಸಿ ಬಿಟ್ಟೆವು. ಪೈಪು ತುಂಬಿ ನಿಂತಿತು. ತಣಿದದ್ದನ್ನು ಹೊರಗೆ ಬಸಿದು ಮತ್ತೆ ಬಿಸಿಯದನ್ನು ತುಂಬಿಸಿದೆವು. ಗಿರೀಶ ಪೈಪಿಗೆ ಕಿವಿಯಿಟ್ಟು ಕೂತು, ಕಿವಿ ಸುಟ್ಟುಕೊಂಡು, ಮತ್ತೆ ಅಲ್ಲೇ ಕೂತ.

ಒಮ್ಮೆ ಗೊಳಕ್ ಎಂದಿತು. ಟ್ಯಾಂಕಿನ ಬಾಯಲ್ಲಿ ಕಂದು ನೀರು ತೊಟ್ಟಿಕ್ಕಿತು, ಹಿಂದೆಯೇ ಕರಿ ಚಕ್ಕೆಗಳು, ಆಮೇಲೆ ಭರ್ರೆಂದು ಧಾರೆ. ನೀರು ತಿಳಿಯಾಗುವ ತನಕ ಬಿಟ್ಟೆವು. ಗಗನಾ ನನ್ನನ್ನು ಕೇಳದೆಯೇ ಮೊದಲ ಬುಟ್ಟಿ ಹಣ್ಣನ್ನು ಬಾನಿಗೆ ಸುರಿದಳು. ನಾನು ಅಲ್ಲೇ ನೆಲಕ್ಕೆ ಕೂತೆ. ಎಷ್ಟು ಹೆದರಿದ್ದೆನೆಂಬುದು ತಿಳಿದದ್ದೇ ಆಗ.

ಗಿರೀಶ ಬಂದು ತಲೆ ತಗ್ಗಿಸಿ ನಿಂತ. "ಅಕ್ಕಾರ, ನಾಳೆ ಕಾಗದ ತಂದು, ಆ ಬೆಸುಗಿ ಕೊಯ್ದು, ಛಲೋತ್ನಂಗ ಮತ್ತ ಮಾಡಿಕೊಡ್ತೀನ್ರಿ."

ನಾನು ಎದ್ದು ಹೋಗಿ ಪೈಪಿಗೂ ಅವನಿಗೂ ನಡುವೆ ನಿಂತೆ.

"ಹರೀತಾ ಇದೆ," ಎಂದೆ. "ಹರೀಲಿ ಬಿಡು."