ಆಯಿಯ ಬಾಯಲ್ಲಿ ಮುತ್ಯಾನ ಹೆಸರು

ನಮ್ಮ ಹೈಸ್ಕೂಲಿನ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ನಾವು ಒಳಗೆ ಹೋದ ಕೂಡಲೇ ಕರೆಂಟು ಹೋಗುತ್ತದೆ. ಹೀಗಾಗಿ ಒಂಬತ್ತನೇ ತರಗತಿಯ ವಿಡಿಯೊ ಪಾಠವನ್ನು ಅಶೋಕಕುಮಾರ ಸರ್ ಬೋರ್ಡಿನ ಮೇಲೆ ಚಾಕ್‌ಪೀಸಿನಿಂದ ಕಲಿಸಿದರು. ಬೇಡದ್ದನ್ನು ಕತ್ತರಿಸಿ ಬೇಕಾದ್ದನ್ನು ಜೋಡಿಸುವುದೇ ಎಡಿಟಿಂಗ್ ಎಂದರು. ಅಷ್ಟು ನನಗೆ ಚೆನ್ನಾಗಿ ತಿಳಿಯಿತು.

ಪ್ರಾಕ್ಟಿಕಲ್‌ಗೆ ಮನೆಯ ಹಿರಿಯರೊಬ್ಬರ ವಿಡಿಯೊ ಮಾಡಿ ತರಬೇಕಿತ್ತು. ಹಿರಿಯರು ತಮ್ಮ ಹೆಸರು, ಊರು, ಗಂಡನದೋ ಹೆಂಡತಿಯದೋ ಹೆಸರು ಸ್ವಂತ ಬಾಯಿಂದ ಹೇಳಬೇಕು. ಹೇಳದಿದ್ದರೆ ಸೊನ್ನೆ. ಈ ನಿಯಮ ಮಾಡಿದವರ ಮನೆಯಲ್ಲಿ ಮುದುಕಿಯರು ಇರಲಿಕ್ಕಿಲ್ಲ.

ನಮ್ಮಪ್ಪನ ತಾಯಿ ಯಂಕಮ್ಮ, ನನ್ನ ಆಯಿ, ಗಂಡನ ಹೆಸರು ಹೇಳಿದವಳೇ ಅಲ್ಲ. ಮದುವೆಗಳಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳು ಎಂದು ಹೆಂಗಸರು ಗಂಟು ಬಿದ್ದಾಗಲೂ ನಕ್ಕು ಜಾರಿಕೊಂಡವಳು. ಅವಳ ಗಂಡ, ಅಂದರೆ ನನ್ನ ಮುತ್ಯಾನ ಹೆಸರು ಹಣಮಂತರಾಯ. ಹಾಗಾಗಿ ಆಯಿ ಶನಿವಾರ ಎಣ್ಣೆ ಹಾಕಿ ಬರುವ ದೇವರಿಗೂ ಹೆಸರಿಲ್ಲ, ಬರೀ "ಗುಡಿಯಾಂವ". ದೇವರು ಈವರೆಗೆ ತಕರಾರು ಮಾಡಿಲ್ಲ.

"ನಿಮ್ಮ ಮುತ್ಯಾನ ಹೆಸರು ಕುರಕುಂಟಾ ಊರಿಗೆಲ್ಲ ಗೊತ್ತದ ಸುನಿತಾ. ನಾ ಹೇಳಿದ್ರ ಹೊಸಾದೇನಾಗ್ತದ?" ಎಂದಳು.

"ನಂಗ ಮಾರ್ಕ್ಸ್ ಬರ್ತಾವ."

"ಆಯಿಗಿ ನಾಚಿಕಿ ಅದ ಅಂತ ನಿಮ್ಮ ಸರ್‌ಗ ಹೇಳು."

ನನಗೆ ಭಾಳ ಸಿಟ್ಟು ಬಂತು. ಸಿಟ್ಟಿನಲ್ಲೇ ಬುದ್ಧಿ ಓಡಿತು. ಅಪ್ಪನ ಮೊಬೈಲು ಹಿಡಿದು, ರೆಕಾರ್ಡಿಂಗ್ ಚಾಲೂ ಮಾಡಿ, ಸುಮ್ಮನೆ ಮಾತಿಗೆ ಎಳೆದೆ.

"ದೀಪಾವಳಿಗಿ ಏನು ಹಚ್ತಿ ಆಯಿ?"

"ಹಣತಿ. ಸಾಲ್ಯಾಗ ಇದೂ ಕಲಸಂಗಿಲ್ಲೇನು?"

"ನಿನ್ನ ತಂಗೀನ್ನ ಎಂಥವರ ಮನಿಗಿ ಕೊಟ್ಟಾರ?"

"ಶ್ರೀಮಂತರ ಮನಿಗಿ."

"ಯಾವೂರು?"

"ರಾಯಚೂರು."

ಒಂದರ ತಲೆ, ಒಂದರ ನಡು, ಮತ್ತೊಂದರ ತಲೆ ಕತ್ತರಿಸಿ ಜೋಡಿಸಿದೆ. ಸರ್ ಕಲಿಸಿದ್ದನ್ನೇ ಮಾಡಿದ್ದು. ಸಂಜೆ ಆಯಿ ಛಾ ಕುದಿಸುತ್ತಿದ್ದಾಗ ವಾಲ್ಯೂಮ್ ಪೂರ್ತಿ ಏರಿಸಿ ಕೇಳಿಸಿದೆ. ಆಯಿಯ ದನಿಯೇ ಬಂತು: "ಹಣ... ಮಂತ... ರಾಯ."

ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆದರೆ ಅವಳ ಕಣ್ಣಲ್ಲಿ ನೀರು ಬಂತು.

"ಇಷ್ಟು ದಿನ ಹೇಳಲಾರದ್ದು ನನ್ನ ಬಾಯಾಗ ನೀ ತುರುಕಿದಿ. ಅಳಸು ಅದನ್ನ," ಎಂದಳು.

ನನಗೆ ನಾಚಿಕೆಯಾಯಿತು. ವಿಡಿಯೊ ನಾಳೆಯೇ ಕೊಡಬೇಕಿತ್ತು. ಸೊನ್ನೆ ಬಂದರೆ ಬರಲಿ ಎಂದು ಅಳಿಸಲು ಬೆರಳು ಒಯ್ದೆ.

ಅಷ್ಟರಲ್ಲಿ ಅಂಗಳದಿಂದ ಕೋಲಿನ ಸದ್ದು ಕೇಳಿಸಿತು. ಹೊರಸಿನ ಮೇಲೆ ಮಲಗಿದ್ದ ಮುತ್ಯಾ ಎದ್ದು ಬಂದು ಬಾಗಿಲಲ್ಲಿ ನಿಂತ. ಟೊಪ್ಪಿಗೆ ಸರಿಮಾಡಿಕೊಂಡಿದ್ದ.

"ಯಾರು ಕರದ್ರು ನನ್ನ?"

ನಿಜ ಹೇಳಲು ನಾನು ಬಾಯಿ ತೆರೆದೆ. ಆಯಿ ಅವನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಬೆರಳನ್ನು ಮೊಬೈಲಿನಿಂದ ಸರಿಸಿದಳು.

"ನಾನೇ ಕರದೀನ್ರಿ. ಛಾ ಆಗ್ಯದ."

ಮುತ್ಯಾ ಒಳಗೆ ಬಂದು ಕುಂತ. ಛಾ ಬಸಿಗೆ ಸುರುವಿಕೊಂಡು ಊದಿದ. ಕುಡಿಯಲಿಲ್ಲ.

"ಹಂಗ್ಯಾಕ ತಡದು ತಡದು ಕರದಿ?"

"ರೂಢಿ ಇಲ್ರಿ," ಎಂದಳು ಆಯಿ.