ತೊಳೆದಿಟ್ಟ ಫ್ಲಾಪಿ

ಶವಪೆಟ್ಟಿಗೆಯೊಳಗೆ ಕೈ ಹಾಕಿ, ನೆವ್ಯಾನಳ ಮಡಿಸಿದ ಬೆರಳುಗಳ ಕೆಳಗಿನಿಂದ ಯೋವ್ಕಾ ಆ ಹಳೆಯ ಕಂಪ್ಯೂಟರ್ ಫ್ಲಾಪಿಯನ್ನು ಮೆಲ್ಲಗೆ ಎಳೆದುಕೊಂಡಳು. ಮೇಣದಬತ್ತಿ ಹಿಡಿದು ನಿಂತವರು ಕತ್ತು ಚಾಚಿ ನೋಡಿದರು.

"ಏಯ್! ಸತ್ತವಳ ಕೈಯಿಂದ ಕಿತ್ಕೋತೀಯಾ? ನಾಚ್ಕೆ ಇಲ್ವಾ ನಿಂಗೆ?" ಬೆಳಗಿನ ಬಸ್ಸಿಗೆ ಸೋಫಿಯಾ ನಗರದಿಂದ ಬಂದಿದ್ದ ನೆವ್ಯಾನಳ ತಮ್ಮ ಸ್ಪಾಸ್ ಮುಂದೆ ನುಗ್ಗಿದ.

"ಇಲ್ಲ."

"ಅಕ್ಕನ ಪ್ರೀತಿಯ ವಸ್ತು ಅಂತ ನಾನೇ ಇಟ್ಟಿದ್ದು. ಮೇಜಿನ ಮೇಲೆ ಬಿಳೀ ಬಟ್ಟೆ ಹಾಸಿ, ದೇವರ ಪಟದ ಹಾಗೆ ಇಟ್ಕೊಂಡಿದ್ಲು."

"ಒಣಗೋಕೆ ಇಟ್ಟಿದ್ದು, ಸ್ಪಾಸಣ್ಣ. ಬೂಷ್ಟು ಹಿಡಿದಿತ್ತು. ಒಳಗಿನ ಬಿಲ್ಲೆ ತೆಗೆದು ಸೋಪು ನೀರಲ್ಲಿ ತೊಳೆದು ಹೊಸ ಕವಚಕ್ಕೆ ಹಾಕಿದ್ಲು. ಇನ್ನೂ ಯಂತ್ರಕ್ಕೆ ಹಾಕಿ ಓದಿಸಿಲ್ಲ. ಇದು ಲ್ಯುಬೆನ್‌ದು."

ಬಾಗಿಲ ಬಳಿ, ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಯ ತಟ್ಟೆ ಹಿಡಿದಿದ್ದ ಗಿನಾ ಅಜ್ಜಿ ತಲೆ ತಗ್ಗಿಸಿದಳು. ಲ್ಯುಬೆನ್ ಅವಳ ಮಗ. ಎಷ್ಟೋ ವರ್ಷದ ಹಿಂದೆ ಸೈನ್ಯಕ್ಕೆ ಹೋದವನು ಹೆಣವಾಗಿ ಬಂದಿದ್ದ. ಬೆಳಗಿನಿಂದಲೂ ಆ ಫ್ಲಾಪಿಯನ್ನು ಪೆಟ್ಟಿಗೆಯಲ್ಲಿ ಕಂಡಿದ್ದರೂ ಅವಳು ಬಾಯಿ ಬಿಟ್ಟಿರಲಿಲ್ಲ. ಸತ್ತವರಿಗೆ ಕೊಟ್ಟದ್ದನ್ನು ಕೇಳುವುದು ಹೇಗೆ?

*

ಶಾಲೆಯ ಕಂಪ್ಯೂಟರ್ ಕೋಣೆ ಮುಚ್ಚಿದ ವರ್ಷ ಫ್ಲಾಪಿಗಳನ್ನೆಲ್ಲ ಸುಡಲು ಅಂಗಳದಲ್ಲಿ ರಾಶಿ ಹಾಕಿದ್ದರು. ಟೀಚರ್ ನೆವ್ಯಾನ ಯಾರದೋ ಮಗುವಿನ ತಳ್ಳುಗಾಡಿ ತಂದು ತುಂಬತೊಡಗಿದಳು.

"ಮಕ್ಕಳಾಟ ಇದೆಲ್ಲ. ಯಾರಿಗ್ರೀ ಬೇಕು?" ಎಂದರು ಮುಖ್ಯೋಪಾಧ್ಯಾಯರು.

"ಯಾರಿಗೂ ಬೇಡ ಅನ್ನೋಕಾದ್ರೂ ಒಂದ್ಸಲ ಓದಿ ನೋಡ್ಬೇಕಲ್ಲ ಸಾಹೇಬ್ರೇ. ಸ್ವಲ್ಪ ಕಾಲು ತೆಗೀರಿ."

ನಿವೃತ್ತಿಯ ನಂತರ ಹಳೆಯ ಪ್ರಾವೆಟ್ಸ್ ಕಂಪ್ಯೂಟರ್ ಯಂತ್ರದಲ್ಲಿ ಒಂದೊಂದನ್ನೇ ಓದಿಸಿ, ತಂತಿಯ ಮೂಲಕ ಲ್ಯಾಪ್‌ಟಾಪಿಗೆ ಇಳಿಸಿ, ಅದುಮಿ ಚಿಕ್ಕದು ಮಾಡಿ ಇಡುತ್ತಿದ್ದಳು. ಗ್ರಂಥಾಲಯದ ಯೋವ್ಕಾ ಕೆಲಸ ಕಲಿಯಲು ಬರುತ್ತಿದ್ದಳು. ಕೆಟ್ಟ ಭಾಗಗಳನ್ನು ಬಿಟ್ಟರೆ ಜಾಗ ಉಳಿಯುತ್ತದೆ ಎಂದು ಒಮ್ಮೆ ಹೇಳಿ ಬೈಸಿಕೊಂಡಿದ್ದಳು.

"ಕಂಬಳಿ ಮಡಚಿದ್ರೂ ಚಿಕ್ಕದಾಗತ್ತೆ, ಕತ್ತರಿಸಿದ್ರೂ ಚಿಕ್ಕದಾಗತ್ತೆ. ನಾವು ಮಡಚೋರು ಕಣೇ. ಬಿಚ್ಚಿ ನೋಡಿ, ಪೂರ್ತಿ ಇದೆ ಅಂತಾದ್ಮೇಲೇ ಮುಗೀತು ಅನ್ನು."

ತನ್ನ ಮನೆಯ ನೆಲಮಾಳಿಗೆಯಲ್ಲಿ ಸಿಕ್ಕ ಲ್ಯುಬೆನ್‌ನ ಫ್ಲಾಪಿಯನ್ನು ಗಿನಾ ಅಜ್ಜಿ ತಲೆವಸ್ತ್ರದಲ್ಲಿ ಸುತ್ತಿ ತಂದದ್ದು ಈ ಚಳಿಗಾಲದಲ್ಲಿ. "ಹುಡುಗ ಏನೋ ಕಂಪ್ಯೂಟರ್ ಆಟ ಬರ್ದಿದ್ದ ಟೀಚರ್. ಹೋಗ್ಲಿ ಬಿಡಿ, ಹಾಳಾಗಿದೆ."

"ಹಾಳಾಗಿದೆ ಅಂತ ನಾನು ಹೇಳ್ಬೇಕು," ಎಂದಿದ್ದಳು ನೆವ್ಯಾನ.

*

"ಕನ್ನಡಿಯಿಂದ ಹಿಡಿದು ಆ ಯಂತ್ರದವರೆಗೆ ಎಲ್ಲ ಮುಚ್ಚಿದೀವಿ," ಎಂದ ಸ್ಪಾಸ್, ಯೋವ್ಕಾ ಫ್ಲಾಪಿ ಹಿಡಿದು ಪ್ರಾವೆಟ್ಸ್‌ನತ್ತ ನಡೆದಾಗ. "ಪರದೆ ಮೇಲೆ ಹೆಣದ ನೆರಳು ಬಿದ್ರೆ ಮನೇಲಿ ಇನ್ನೊಂದು ಸಾವು. ಆ ಬಟ್ಟೆ ಮುಟ್ಟಿದ್ರೆ ನೋಡು!"

"ಮುಟ್ಟಲ್ಲ. ಸದ್ದು ಕೇಳೋಕೆ ಕಿವಿ ಇದೆಯಲ್ಲ."

ಯೋವ್ಕಾ ಕಪ್ಪು ಬಟ್ಟೆಯಡಿ ಕೈ ತೂರಿಸಿ, ಫ್ಲಾಪಿ ಸಿಕ್ಕಿಸಿ, ತಡಕಾಡಿ ಕೀಲಿ ಒತ್ತಿದಳು. ಫ್ಲಾಪಿ ಓದುವ ಡ್ರೈವು ಟಿಕ್ ಟಿಕ್ ಎಂದು ಹೆಜ್ಜೆ ಇಡತೊಡಗಿತು.

ಪಾದ್ರಿ ಗಂಟಲು ಸರಿಮಾಡಿಕೊಂಡರು. "ಹೆಣದ ಗಾಡಿ ಬಂದಿದೆಯಮ್ಮಾ. ನಂಗೆ ಇನ್ನೊಂದು ಮನೇಲೂ ಸಾವಿದೆ."

"ಕಾಯ್ಲಿ ಸ್ವಾಮಿ," ಎಂದಳು ಗಿನಾ ಅಜ್ಜಿ. ಎಲ್ಲರೂ ತಿರುಗಿದರು. ಅವಳು ತಟ್ಟೆ ಸಮೇತ ಬಾಗಿಲಿಗೆ ಅಡ್ಡ ನಿಂತಿದ್ದಳು. "ಸತ್ತವರಿಗೇನು ಅವಸರ? ನನ್ನ ಮಗಾನೂ ಕಾಯ್ತಾನೇ ಇದಾನೆ."

ಡ್ರೈವು ಗಡಗಡನೆ ಬಡಿದುಕೊಂಡಿತು.

"ಏನಾಯ್ತು? ಕೆಟ್ಟೋಯ್ತಾ?" ಎಂದ ಸ್ಪಾಸ್, ತನಗೇ ತಿಳಿಯದೆ ಹತ್ತಿರ ಬಂದು.

"ಸಿಗ್ಲಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಹುಡುಕ್ತಿದೆ."

ಮತ್ತೆ ಬಡಿತ. ಮತ್ತೆ. ಯೋವ್ಕಾ ಡ್ರೈವಿನ ಮುಚ್ಚಳದ ಮೇಲೆ ಹೆಬ್ಬೆರಳು ಒತ್ತಿ, "ಬಾ," ಎಂದಳು ಪಿಸುದನಿಯಲ್ಲಿ. ಟಿಕ್. ಆಮೇಲೆ ಇನ್ನೊಂದು. ಹೆಜ್ಜೆಗಳು ಕೊನೆಯವರೆಗೂ ನಡೆದವು. ಬಟ್ಟೆಯಡಿ ಲ್ಯಾಪ್‌ಟಾಪು ಬಂದದ್ದನ್ನು ಮಡಚಿತು, ಬಿಚ್ಚಿತು, ಹೋಲಿಸಿತು, ಸರಿಯಿದೆಯೆಂದು ಸಣ್ಣಗೆ ಕೂಗಿತು.

"ಎಲ್ಲಾ ಬಂತಾ?" ಗಿನಾ ಅಜ್ಜಿಯ ತಟ್ಟೆ ವಾಲಿತ್ತು.

"ಎಲ್ಲಾ, ಅಜ್ಜಿ."

ಯೋವ್ಕಾ ಫ್ಲಾಪಿ ತೆಗೆದು ಅವಳ ಅಂಗೈಗಿಟ್ಟಳು.

"ಬೆಚ್ಚಗಿದೆ," ಎಂದಳು ಅಜ್ಜಿ. ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದು ಪೆಟ್ಟಿಗೆಯತ್ತ ನಡೆದಳು. ಸತ್ತವರಿಗೆ ಕೊಟ್ಟದ್ದು ಅವರ ಜೊತೆ ಹೋಗಲೇಬೇಕು. ಹೊರಗೆ ಗಾಡಿಯವನು ಹಾರನ್ ಒತ್ತುತ್ತಲೇ ಇದ್ದ. ಸ್ಪಾಸ್ ಬಗ್ಗಿ ಅಕ್ಕನ ಸೆಟೆದ ಬೆರಳುಗಳನ್ನು ಎತ್ತಿ ಹಿಡಿದ. ಆ ತಣ್ಣನೆಯ ಕೈಯಡಿಗೆ ಅಜ್ಜಿ ಫ್ಲಾಪಿಯನ್ನು, ಬಿಸಿ ಆರುವ ಮೊದಲೇ, ತಳ್ಳಿದಳು.