ಸೋರೆಬೀಜದ ಡಬ್ಬಿ

ಹದಿನೆಂಟು ವರ್ಷ ಮಹಡಿ ಮೇಲಿನ ಕುಂಡಗಳಿಗೆ ನೀರು ಹೊತ್ತವಳು ದೊಡ್ಡ ಸೊಸೆ. ಬಕೆಟ್ಟು ಹೊರೋದು ಅವಳು, ಸೊಂಟ ಹಿಡಿದುಕೊಳ್ಳೋದು ಅವಳದು, ಬೀಜ ಮಾತ್ರ ಅತ್ತೆಯದು. ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಬೂದಿ ಬೆರೆಸಿಟ್ಟ ಆ ಸೋರೆಬೀಜವನ್ನು ಅತ್ತೆ ಯಾರಿಗೂ ಮುಟ್ಟಗೊಟ್ಟವರಲ್ಲ. ಮೂವತ್ತು ವರ್ಷದಿಂದ ವರ್ಷವರ್ಷವೂ ಅದೇ ಬಳ್ಳಿಯಿಂದ ಎತ್ತಿಟ್ಟ ಬೀಜ.

ಈ ವರ್ಷ ಅತ್ತೆಯ ಮೊಣಕಾಲು ಕೈಕೊಟ್ಟಿತು, ಮೆಟ್ಟಿಲು ಹತ್ತೋದು ನಿಂತುಹೋಯಿತು. ಡಬ್ಬಿ ಇನ್ನು ತನ್ನದೇ ಅಂತ ದೊಡ್ಡವಳು ಅಡುಗೆಮನೆ ಗೂಡಿನಲ್ಲಿ ಅದಕ್ಕೆ ಜಾಗ ಬೇರೆ ಮಾಡಿಟ್ಟಳು. ಅತ್ತೆ ನೋಡಿದರೆ ಇಬ್ಬರು ಸೊಸೆಯರನ್ನೂ ಕೂರಿಸಿಕೊಂಡು ಐದೈದು ಬೀಜ ಎಣಿಸಿ ಕೊಟ್ಟರು.

"ಇಬ್ಬರೂ ಬಿತ್ತಿ ನೋಡಿ. ಯಾರ ಕೈಗೆ ಒಲಿಯುತ್ತೋ ಡಬ್ಬಿ ಅವರದ್ದು."

ಚಿಕ್ಕ ಸೊಸೆ ಮನೆಗೆ ಬಂದು ಇನ್ನೂ ಎರಡು ವರ್ಷ ತುಂಬಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ. ಗಿಡ ನೋಡಿ ಬದನೆ ಯಾವುದು, ಟೊಮೆಟೊ ಯಾವುದು ಅಂತ ಹೇಳಲಾರಳು. ಅಂಥವಳಿಗೂ ಐದು, ತನಗೂ ಐದು. ದೊಡ್ಡವಳ ಹೊಟ್ಟೆ ಧಗಧಗ ಉರಿಯಿತು.

ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು, ಅಳತೆಯಿಲ್ಲದೆ ಕೈಯಿಡುವವಳಲ್ಲ. ಟೇಪು ಹಿಡಿದು ಒಂದಂಗುಲ ಆಳಕ್ಕೆ, ಕುಂಡಕ್ಕೊಂದರಂತೆ ಬೀಜ ಊರಿದಳು. ಚಿಕ್ಕವಳು ಬೆರಳಲ್ಲಿ ಗುಳಿ ಮಾಡಿ, ಬೀಜ ಹಾಕಿ, ನೀರು ಚಿಮುಕಿಸಿ ಅಂಗಡಿಗೆ ಹೋದಳು.

ಆರನೇ ದಿನಕ್ಕೆ ಚಿಕ್ಕವಳ ಕುಂಡಗಳಲ್ಲಿ ನಾಲ್ಕು ಸಸಿ ತಲೆಯೆತ್ತಿದ್ದವು. ದೊಡ್ಡವಳದರಲ್ಲಿ ಬರೀ ಮಣ್ಣು. ಇರದೇ ಏನು? ಈ ಮಹಾತಾಯಿ ಎರಡನೇ ದಿನದಿಂದಲೇ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬೀಜ ಕೆದಕಿ ತೆಗೆದು, ಬಾಯಿ ಬಿಟ್ಟಿದೆಯಾ ಅಂತ ನೋಡಿ ಮತ್ತೆ ಹೂಳುತ್ತಿದ್ದಳು. ಚಿಕ್ಕವಳದಕ್ಕಿಂತ ಮೊದಲು ಬರಬೇಕು ಅನ್ನೋ ಹಟ. ಒಂದಕ್ಕೆ ಬಿಳಿ ಬೇರು ಬಂದಿತ್ತು. ಸಂಜೆ ಇನ್ನೊಮ್ಮೆ ನೋಡಲು ಹೋಗಿ ಅದನ್ನೂ ಮುರಿದಳು. ಉಳಿದವು ಕೊಳೆತವು.

"ಅಕ್ಕಾ, ನಿಮ್ಮದೂ ಇವತ್ತೋ ನಾಳೆಯೋ ಬರುತ್ತೆ ಬಿಡಿ," ಅಂದಳು ಚಿಕ್ಕವಳು. ಆ ಸಮಾಧಾನದ ಮಾತೇ ದೊಡ್ಡವಳ ಮೈಯೆಲ್ಲ ಉರಿಸಿತು.

ಮಧ್ಯಾಹ್ನ ಚಿಕ್ಕವಳು ಅಂಗಡಿಯಲ್ಲಿದ್ದಾಗ ದೊಡ್ಡವಳು ಹೊಲಿಯೋ ಕೆಲಸ ಅರ್ಧಕ್ಕೆ ಬಿಟ್ಟು, ಕೈಯಲ್ಲಿದ್ದ ಕತ್ತರಿ ಸಮೇತ ಮಹಡಿ ಹತ್ತಿದಳು. ಎಲ್ಲಕ್ಕಿಂತ ಗಟ್ಟಿಯಾದ ಸಸಿಯನ್ನು ಆರಿಸಿ ಬುಡಕ್ಕೆ ಒಂದೇ ಏಟು. ಎರಡನೆಯದಕ್ಕೆ ಕೈ ಮುಂದೆ ಹೋಗಲಿಲ್ಲ. ತನ್ನ ಕೈಯನ್ನು ನೋಡಿ ಅವಳಿಗೇ ಭಯವಾಯಿತು.

ಸಂಜೆ ಚಿಕ್ಕವಳು ಕುಂಡದ ಮುಂದೆ ಬಹಳ ಹೊತ್ತು ಕೂತಳು. ಬಟ್ಟೆ ಎತ್ತಿಡುವ ನೆಪದಲ್ಲಿ ದೊಡ್ಡವಳು ಅಲ್ಲೇ ಸುಳಿದಾಡುತ್ತಿದ್ದಳು. ಚಿಕ್ಕವಳು ಸಸಿಯ ಪಕ್ಕದಿಂದ ನೇರಳೆ ದಾರದ ತುಂಡೊಂದನ್ನು ಹೆಕ್ಕಿ ಮುಷ್ಟಿಯಲ್ಲಿಟ್ಟುಕೊಂಡಳು. ಬೆಳಿಗ್ಗೆಯಿಂದ ದೊಡ್ಡವಳ ಹೊಲಿಗೆ ಯಂತ್ರದಲ್ಲಿದ್ದದ್ದು ಅದೇ ದಾರ. ದೊಡ್ಡವಳ ಜೀವ ಬಾಯಿಗೆ ಬಂತು.

ಇಬ್ಬರೂ ಕೆಳಗಿಳಿದು ಬಂದಾಗ ಅತ್ತೆ ಕುರ್ಚಿಯಲ್ಲಿ ಕೂತೇ ಕೇಳಿದರು, "ಏನಾಯ್ತಮ್ಮ ಸಸಿಗಳು?"

"ಮೂರಿವೆ ಅತ್ತೆ. ಒಂದನ್ನ ಹುಳ ಕಡಿದುಬಿಟ್ಟಿದೆ," ಅಂದಳು ಚಿಕ್ಕವಳು, ಮುಷ್ಟಿ ಬಿಚ್ಚದೆ.

ಸದ್ಯ ಬದುಕಿಕೊಂಡೆ ಅಂತ ಉಸಿರು ಬಿಡಬೇಕಿತ್ತು ದೊಡ್ಡವಳು. ಆದರೆ ಅವಳಿಗೆ ಇನ್ನೂ ಹೊಟ್ಟೆ ಉರಿಯಿತು. ಬೀಜ ಚಿಕ್ಕವಳದು ಬಂತು, ಡಬ್ಬಿ ಅವಳಿಗೆ ಹೋಗುತ್ತೆ, ಸಾಲದ್ದಕ್ಕೆ ಒಳ್ಳೆಯವಳೂ ಅವಳೇ ಆಗಬೇಕಾ?

"ಹುಳ ಅಲ್ಲ," ಅಂದಳು. "ನಾನೇ ಕತ್ತರಿಸಿದ್ದು. ನನ್ನ ಬೀಜ ಹಾಳುಮಾಡಿದ್ದೂ ನಾನೇ, ದಿನಾ ಕೆದಕಿ ಕೆದಕಿ."

ಅತ್ತೆ ಅವಳ ಕೈ ಎಳೆದು ಉಗುರಿನ ಸಂದಿಯ ಮಣ್ಣು ನೋಡಿದರು. "ಕೆದಕ್ತಿದ್ದದ್ದು ಗೊತ್ತಿತ್ತು. ಮೊನ್ನೆ ಯಾರದ್ದೋ ಬಿಳಿ ರವಿಕೆ ಮೇಲೆ ನಿನ್ನ ಮಣ್ಣುಬೆರಳಿನ ಗುರುತು ಮೂಡಿತ್ತಲ್ಲ. ಈ ಕೈಗೇ ಡಬ್ಬಿ ಕೊಡಬೇಕು ಅಂತಿದ್ದೆ ಕಣೇ. ಒಂದು ಸಲ ಸುಮ್ಮನಿರೋದು ಕಲಿತಿದ್ದರೆ ಸಾಕಿತ್ತು."

ಡಬ್ಬಿ ಚಿಕ್ಕವಳ ಮಡಿಲಿಗೆ ಹೋಯಿತು. ಕೊಡುವ ಮುಂಚೆ ಅತ್ತೆ ಅದರಿಂದ ಒಂದೇ ಒಂದು ಬೀಜ ತೆಗೆದು ದೊಡ್ಡವಳ ಅಂಗೈಗೆ ಹಾಕಿದರು. "ಊರಿ ಬಾ. ಆಮೇಲೆ ನಾನು ಹೇಳೋವರೆಗೆ ಮೇಲೆ ಕಾಲಿಡಬೇಡ. ನೀರು ಇವಳು ಹಾಕ್ತಾಳೆ."

ಏಳು ದಿನ ದೊಡ್ಡವಳು ಯಂತ್ರದ ಮುಂದೆ ಕೂತು, ಮೇಲೆ ಚಿಕ್ಕವಳ ಹೆಜ್ಜೆ ಸದ್ದು ಕೇಳಿದಾಗಲೆಲ್ಲ ತುಳಿಯೋದು ನಿಲ್ಲಿಸುತ್ತಿದ್ದಳು. ಮೂರು ರವಿಕೆಗಳ ತೋಳು ಸೊಟ್ಟಗಾದವು. ಎಂಟನೇ ದಿನ ಬೆಳಿಗ್ಗೆ ಮೇಲಿನಿಂದ ಕೂಗು ಬಂತು.

"ಅಕ್ಕಾ, ನಿಮ್ಮದು ಬಂತು."

ದೊಡ್ಡವಳ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ಎದ್ದಳು, ಮೆಟ್ಟಿಲ ತನಕ ಓಡಿದಳು. ಮೊದಲು ನೋಡಿದವಳು ಚಿಕ್ಕವಳೇ ಅನ್ನೋದು ಅಲ್ಲಿ ನೆನಪಾಗಿ, ಹಲ್ಲು ಕಚ್ಚಿಕೊಂಡು ಹತ್ತಿದಳು.